ಚೀನಾದ ಬೇರು, ಸವಣೂರಿನ ಖಾರ

ಮಳೆಗಾಲ ಶುರುವಾದರೆ ಸಾಕು, ಸವಣೂರಿನಲ್ಲಿ ಮೊದಲ ಸೀನು ನನ್ನದೇ. ಈ ಸಲ ಮಾತ್ರ ನೆಗಡಿಯ ವಿರುದ್ಧ ಅಂತರರಾಷ್ಟ್ರೀಯ ಮಟ್ಟದ ಕ್ರಮ ಕೈಗೊಳ್ಳಲು ನಿರ್ಧರಿಸಿದೆ. ಕಾರಣವಿತ್ತು. ಬರುವ ಭಾನುವಾರ ಮಗಳು ಸುಧಾಳ ಸಂಬಂಧದ ಮಾತುಕತೆಗೆ ಶಿಗ್ಗಾವಿಯ ಗಂಡಿನ ಮನೆಗೆ ಮನೆಮಂದಿಯೆಲ್ಲ ಊಟಕ್ಕೆ ಹೋಗಬೇಕಿತ್ತು. ಹುಡುಗನನ್ನು ಅವಳೇ ಮೆಚ್ಚಿದ್ದಳು. ಬೀಗರ ಪಂಕ್ತಿಯಲ್ಲಿ ಕೂತು ಸೀನಿ ನಾನು ಅದನ್ನು ಕೆಡಿಸುವಂತಿರಲಿಲ್ಲ.

ಮೊಬೈಲಿನಲ್ಲಿ ಒಬ್ಬ ಮಹಾಶಯ, ಚೀನಾದ ಸಾಂಪ್ರದಾಯಿಕ ಗಿಡಮೂಲಿಕೆಗಳು ಒಡಲನ್ನು ಬೆಚ್ಚಗಾಗಿಸಿ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುತ್ತವೆ ಎಂದು ಸಾರುತ್ತಿದ್ದ. ತಕ್ಷಣ ತರಿಸಿದೆ. ಹೆಂಡತಿ ಪೊಟ್ಟಣ ಬಿಚ್ಚಿ ಮೂಸಿದಳು.

"ಇದು ಒಣಶುಂಠಿ. ಇದು ದಾಲ್ಚಿನ್ನಿ. ಎರಡೂ ನಮ್ಮ ಡಬ್ಬ್ಯಾಗ ಅದಾವು. ಈ ಬೇರು ಒಂದು ಯಾವುದಂತ ಗೊತ್ತಾಗವಲ್ದು."

"ಅದ್ರಾಗ ಐತಿ ನೋಡು ಶಕ್ತಿ," ಎಂದೆ.

ನರ್ಸಿಂಗ್ ಓದಿದ ಸುಧಾ ನಡುವೆ ಬಾಯಿ ಹಾಕಿದಳು. "ಅಪ್ಪಾ, ರೋಗನಿರೋಧಕ ಶಕ್ತಿ ಅಂದ್ರ ಒಲಿ ಅಲ್ಲ, ಊದಿದ್ರ ಉರಿ ಏಳಾಕ. ಅದು ತನ್ನ ಪಾಡಿಗೆ ಕೆಲಸ ಮಾಡಾಕತ್ತೈತಿ, ಸುಮ್ನ ಬಿಡು."

ಮಕ್ಕಳನ್ನು ಓದಿಸಿದರೆ ಇದೇ ತೊಂದರೆ.

ಇವನ್ನು ಪುಡಿಮಾಡಿ, ಚಿಟಿಕೆಯಷ್ಟನ್ನು ನೀರಿನಲ್ಲಿ ಕುದಿಸಿ ಕುಡಿಯಬೇಕಿತ್ತು. ಕುಡಿದೆ. ಏನೂ ಆಗಲಿಲ್ಲ. ಹುಟ್ಟಿದಾಗಿನಿಂದ ಸವಣೂರಿನ ಖಾರ ತಿಂದ ನಾಲಿಗೆಗೆ ಅದು ಬರೀ ಬಿಸಿನೀರು. ನಮ್ಮ ಕಡೆ ಔಷಧವಾಗಲಿ ಪಲ್ಯವಾಗಲಿ, ನೆತ್ತಿ ಬೆವರಿದರೆ ಮಾತ್ರ ನಂಬಿಕೆ. ಹಾಗಾಗಿ ಇಡೀ ಪೊಟ್ಟಣವನ್ನು ಒಳಕಲ್ಲಿಗೆ ಸುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸೇರಿಸಿ ಚಟ್ನಿ ಕುಟ್ಟಿದೆ. ಎಣ್ಣೆ ಹಾಕಿಕೊಂಡು ರೊಟ್ಟಿಯ ಜೊತೆ ಹೊತ್ತು ಹೊತ್ತಿಗೂ ತಿಂದೆ. ಬೆವರು ಕಿತ್ತುಕೊಂಡು ಬಂತು. ಚೀನಾ ಕೊನೆಗೂ ಕೆಲಸಕ್ಕೆ ಹಾಜರಾಯಿತೆಂದು ಹಿಗ್ಗಿದೆ.

ಭಾನುವಾರ ಸೀನು ಬರಲಿಲ್ಲ, ನಿಜ. ಬಾಯಿ ತುಂಬ ಹುಣ್ಣು ಬಂದಿತ್ತು!

ಶಿಗ್ಗಾವಿಯಲ್ಲಿ ಎಲೆಯ ಮೇಲೆ ಎಣ್ಣೆಗಾಯಿ, ಮೆಣಸಿನಕಾಯಿ ಭಜಿ, ಕೆಂಪು ಚಟ್ನಿ. ಹೆಣ್ಣಿನ ತಂದೆ ಬೀಗರ ಮನೆಯ ಮೊದಲ ಊಟವನ್ನು ಅರ್ಧಕ್ಕೆ ಬಿಟ್ಟರೆ, ಸಂಬಂಧ ಒಲ್ಲೆ ಎಂದಂತೆ. ದೇವರ ಮೇಲೆ ಭಾರ ಹಾಕಿ ಭಜಿ ಕಚ್ಚಿದೆ. ಕಣ್ಣೀರು ದಳದಳ ಸುರಿಯಿತು.

"ಮಗಳನ್ನ ಕೊಡೋದು ಸಂಕಟ ಆತೇನ್ರಿ?" ಎಂದರು ಬೀಗರು ಮೆಲ್ಲಗೆ. ಸಮಾಧಾನಕ್ಕೆಂದು ಇನ್ನೊಂದು ಭಜಿ ಬಡಿಸಲು ಬಂದರು. ಕೈ ಅಡ್ಡ ಹಿಡಿದೆ. ಅವರ ಮುಖ ಗಂಟಿಕ್ಕಿತು.

"ನಮ್ಮ ಮನಿ ಸೇರಲಿಲ್ಲ ಅಂದ್ರ ಈಗ ಹೇಳಿಬಿಡ್ರಿ."

ಉತ್ತರಿಸಲು ಬಾಯಿ ತೆರೆದೆ, ಹುಣ್ಣಿನ ಉರಿಗೆ ಮಾತಿನ ಬದಲು ಬರೀ ಗಾಳಿ ಬಂತು. ಎದುರಿಗೆ ಸುಧಾಳ ಮುಖ ಬಿಳಿಚಿಕೊಂಡಿತ್ತು. ಅದನ್ನು ನೋಡಿ ನನಗೆ ನಿಜವಾಗಿಯೂ ಅಳು ಬಂತು.

ಆಗ ಹೆಂಡತಿ, ಚೀನಾದಿಂದ ಒಳಕಲ್ಲಿನವರೆಗಿನ ವೃತ್ತಾಂತವನ್ನು ಒಂದಕ್ಷರ ಬಿಡದೆ ಸಭೆಯ ಮುಂದಿಟ್ಟಳು. ಪಂಕ್ತಿಗೆ ಪಂಕ್ತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೀಗರು ಭಜಿ ತೆಗೆದು ಮೊಸರನ್ನ ಹಾಕಿದರು.

ಹುಡುಗನ ಅಜ್ಜಿ ಮಾತ್ರ ನಗಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿ ಹೆಂಡತಿಯ ಕಡೆ ತಿರುಗಿದರು.

"ಹುಡುಗಿ ಬುದ್ಧಿ ಯಾರ ಕಡಿಂದ ಬಂದೈತ್ರಿ?"

"ನನ್ನ ಕಡಿಂದರಿ."

"ಹಂಗಾರ ಎಲಿ-ಅಡಿಕಿ ತರ್ರಿ," ಎಂದರು ಅಜ್ಜಿ.

ಸಂಬಂಧ ಗಟ್ಟಿಯಾಯಿತು. ನಾನು ತಲೆ ತಗ್ಗಿಸಿ ಮೊಸರನ್ನ ಉಂಡೆ.