ಐದು ತಿಂಗಳಿಗೆ ಮೂರು ಪುಸ್ತಕ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಯಾರು ಕಾನೂನು ಮಾಡಿದರೋ, ಅವರಿಗೆ ಹೆಂಡತಿ ಇದ್ದಿರಲಿಕ್ಕಿಲ್ಲ. ಇದ್ದರೂ ಅವಳಿಗೆ ಅಡುಗೆ ಬರುತ್ತಿರಲಿಕ್ಕಿಲ್ಲ. ಹುಮನಾಬಾದಿನ ಒಣಮೆಣಸಿನಕಾಯಿ ವ್ಯಾಪಾರಿ ಮಹಾರುದ್ರಪ್ಪ ಈ ಮಹಾಸಿದ್ಧಾಂತಕ್ಕೆ ಬಂದದ್ದು ಖಾನಾವಳಿಯ ನೀರು ಬೇಳೆಯ ಮುಂದೆ ಕೂತು. ಏಳನೆಯ ತಿಂಗಳಲ್ಲಿ ಕುಬ್ಸದ ಶಾಸ್ತ್ರ ಮುಗಿಸಿಕೊಂಡು ಹೆಂಡತಿ ಲಲಿತಾಬಾಯಿ ತವರೂರು ಬಸವಕಲ್ಯಾಣಕ್ಕೆ ಹೋಗಿದ್ದಳು. ಕರೆದೊಯ್ಯಲು ಬಂದಿದ್ದ ಅತ್ತೆ ಕಸ್ತೂರಿಬಾಯಿ, ತಲೆಯ ಮೇಲಿನ ಸೆರಗು ಕದಲದಂತೆ, ಬಾಗಿಲ ಮರೆಯಿಂದಲೇ ತೀರ್ಪು ಕೊಟ್ಟಿದ್ದರು:

"ಕೂಸು ಹುಟ್ಟಿ ಐದು ತಿಂಗಳ ತುಂಬಿದ ಮ್ಯಾಲ ಕಳಸ್ತೀವ್ರಿ ಅಳಿಯಂದ್ರ. ನಮ್ಮಲ್ಲಿ ಹಂಗೇ ಪದ್ಧತಿ."

ಮೊದಲು ಎರಡು ತಿಂಗಳು, ಮೇಲೆ ಐದು. ಮಹಾರುದ್ರಪ್ಪನ ಮನೆಯೆಂದರೆ ಕೆಳಗೆ ಮೆಣಸಿನಕಾಯಿ ಗೋದಾಮು, ಮೇಲೆ ಎರಡು ಕೋಣೆ. ಆ ಎರಡು ಕೋಣೆಗಳಲ್ಲಿ ಈಗ ಜಗಳಾಡಲಿಕ್ಕೂ ಯಾರೂ ಇಲ್ಲ. (ಹೆಂಡತಿಯ ನೆನಪಾಗುತ್ತದೆ ಎಂದು ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಊಟದ ತೊಂದರೆ ಎನ್ನುತ್ತಿದ್ದ. ತನ್ನ ಗರಜು ಬಯಲಾದ ಮೇಲೆ ಯಾವ ವ್ಯಾಪಾರಿಗೂ ಚೌಕಾಸಿಗೆ ಜಾಗ ಉಳಿಯುವುದಿಲ್ಲ.)

ಐದು ತಿಂಗಳನ್ನು ನಲವತ್ತು ದಿನಕ್ಕೆ ಇಳಿಸುವುದು ಹೇಗೆ? ಕಸ್ತೂರಿಬಾಯಿಯ ಜೊತೆ ವಾದ ಮಾಡಿ ಫಲವಿಲ್ಲ. ಯಾವ ಪ್ರಶ್ನೆಗೂ ಅವರದು ಒಂದೇ ಉತ್ತರ: ನಮ್ಮಲ್ಲಿ ಹಂಗೇ ಪದ್ಧತಿ. ಪದ್ಧತಿಯನ್ನು ಮಣಿಸಲು ಅದಕ್ಕಿಂತ ಭಾರವಾದದ್ದು ಬೇಕಿತ್ತು. ಮಹಾರುದ್ರಪ್ಪನಿಗೆ ಅಚ್ಚಿನ ಅಕ್ಷರ ಹೊಳೆಯಿತು. ಕೈ ತೊಳೆದವನೇ ಬಸ್ ಸ್ಟ್ಯಾಂಡಿನ ಎದುರು ಪಾಟಿ, ನೋಟ್‌ಬುಕ್ಕು, ಹಳೆಯ ಪುಸ್ತಕ ಮಾರುವ ಬದ್ರುದ್ದೀನನ ಅಂಗಡಿಗೆ ನಡೆದ.

"ಕೂಸಿನ ಆರೈಕಿ ಬುಕ್ಕ ಬೇಕಾಗ್ಯದ, ಬದ್ರುದ್ದೀನ್."

"ಮುಬಾರಕ್ ಸಾವ್ಕಾರ್ರ. ಕನ್ನಡದ್ದು ಒಂದ ಅದ, ಮರಾಠಿದು ಒಂದ, ಉರ್ದುದು ಒಂದ. ಯಾವ್ದ ಕೊಡ್ಲಿ?"

"ಚೊಲೊದ್ ಯಾವ್ದು?"

"ನನಗೇನ ಗೊತ್ರಿ? ನನಗ ಆರು ಮಕ್ಕಳು. ಓದ್ಲಿಕ್ಕ ಪುರಸತ್ತ ಎಲ್ಲಿ ಸಿಕ್ಕದ?"

ಮಹಾರುದ್ರಪ್ಪ ಮೂರನ್ನೂ ಮುಂದಿಟ್ಟುಕೊಂಡು ಕೂತ. ಕನ್ನಡ ಅವನಿಗೆ ತಾಯಿಯಿಂದ ಬಂದದ್ದು, ಉರ್ದು ನಿಜಾಮನ ಕಾಲದ ಶಾಲೆಯಿಂದ, ಮರಾಠಿ ಮೆಣಸಿನಕಾಯಿಯಿಂದ. ಮಾಲು ಪರೀಕ್ಷಿಸುವುದರಲ್ಲಿ ಅವನದು ಎತ್ತಿದ ಕೈ. ಮೆಣಸಿನಕಾಯಿ ಕೊಳ್ಳುವಾಗ ಚೀಲದ ಬಾಯಿ ನೋಡಿ ಮೋಸಹೋದವನಲ್ಲ. ಮೊಣಕೈವರೆಗೆ ಕೈ ಇಳಿಸಿ, ಚೀಲದ ಹೊಟ್ಟೆಯಿಂದ ಒಂದೇ ಒಂದು ಹಿಡಿ ಎಳೆದು, ಮೂಸಿ, ಇಡೀ ಚೀಲದ ಜಾತಕ ಹೇಳುವವನು. ಪುಸ್ತಕಗಳಿಗೂ ಅದೇ ಕ್ರಮ. ಮೊದಲ ಪುಟ ಬಿಟ್ಟ, ಕೊನೆಯ ಪುಟ ಬಿಟ್ಟ, ನಟ್ಟನಡುವೆ ಕೈ ಹಾಕಿದ.

ಕೈಗುಣ ಒಳ್ಳೆಯದಿತ್ತು. ಎಳೆಗೂಸಿನ ಕಿವಿಗೆ ತಂದೆಯ ದನಿ ದಿನವೂ ಬೀಳಬೇಕು ಎಂದಿತು ಕನ್ನಡ. ತನ್ನ ಸಂಸಾರದ ಮನೆಯಲ್ಲಿದ್ದರೆ ತಾಯಿಯ ಮನಸ್ಸು ಹಗುರವಾಗಿರುತ್ತದೆ ಎಂದಿತು ಮರಾಠಿ. ಉರ್ದುವಂತೂ ಅವನ ಸಲುವಾಗಿಯೇ ಅಚ್ಚಾದಂತಿತ್ತು: ನಲವತ್ತು ದಿನ ಕಳೆದ ಮೇಲೆ ಹವಾ ಬದಲಾದರೆ ತಾಯಿಗೂ ಮಗುವಿಗೂ ಹಿತ. ಆ ಮೂರು ಪುಟಗಳ ಮೂಲೆ ಮಡಚಿ, "ಮೂರೂ ಕಟ್ಟು" ಎಂದ.

"ಮೂರೂ? ಕೂಸು ಒಂದ ಅಲ್ರಿ?"

"ಸಾಕ್ಷಿ ಎಷ್ಟಿದ್ರೂ ಚೊಲೊ."

ಅಂಗಡಿ ರಜೆಯ ದಿನ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದ. ಲಲಿತಾಬಾಯಿ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು. ಅತ್ತೆ ಎಂದಿನಂತೆ ಅಡುಗೆಮನೆಯ ಬಾಗಿಲ ಹಿಂದೆ. ಮಹಾರುದ್ರಪ್ಪ ಮಡಚಿದ ಮೂರು ಪುಟಗಳನ್ನು ವಕೀಲರ ದನಿಯಲ್ಲಿ ಓದಿ, ಅರ್ಥ ಹೇಳಿ, ಬೆವರು ಒರೆಸಿಕೊಂಡ.

"ಉಳದದ್ದ ಓದೀರೇನ್ರಿ?" ಎಂದಳು ಲಲಿತಾಬಾಯಿ, ಕಣ್ಣೆತ್ತದೆ.

"ಒಂದ ಹಿಡಿ ನೋಡಿದ್ರ ಚೀಲ ಗೊತ್ತಾಗ್ತದ. ನೀ ಶೇಂಗಾ ಸುಲಿ." ಬಳಿಕ ಬಾಗಿಲ ಕಡೆ ತಿರುಗಿದ. "ಅತ್ತಿಯವರ, ಪದ್ಧತಿ ಅಂದ್ರ ಓದು ಬರದವರ ಮಾತು. ಇದು ಡಾಕ್ಟರ್ ಮಂದಿ ಬರದದ್ದು. ಇನ್ನ ಮ್ಯಾಲ ಬುಕ್ಕಿನ ಮಾತೇ ಕೊನೀ ಮಾತು. ಆಗ್ಲೇನ್ರಿ?"

ಒಳಗೆ ಒಂದು ತಟ್ಟೆ ನೆಲಕ್ಕೆ ಕೂತ ಸದ್ದಾಯಿತು.

"ಆಗ್ಲಿ ಅಳಿಯಂದ್ರ. ಬುಕ್ಕಿನಂಗ ನಡೀತೀವಿ. ಬುಕ್ಕ ಅಷ್ಟ ಇಲ್ಲೇ ಬಿಟ್ಟ ಹೋಗ್ರಿ."

ಇಷ್ಟು ಬೇಗ ಒಪ್ಪುವ ಗಿರಾಕಿ ಅಂಗಡಿಗೆ ಬಂದಿದ್ದರೆ ಮಹಾರುದ್ರಪ್ಪ ತಕ್ಕಡಿಯನ್ನೇ ಇನ್ನೊಮ್ಮೆ ನೋಡುತ್ತಿದ್ದ. ಅತ್ತೆಯೆಂಬ ಗೌರವಕ್ಕೆ ಸುಮ್ಮನಾದ. ಬಸ್ಸಿನಲ್ಲಿ ಊರು ಬರುವವರೆಗೂ ಮೀಸೆಯ ಮೇಲಿಂದ ಕೈ ಇಳಿಯಲಿಲ್ಲ.

ಮಗಳು ಹುಟ್ಟಿದಳು. ತೊಟ್ಟಿಲ ದಿನ ಹೋದರೆ ಹೆಂಗಸರ ಗುಂಪಿನ ನಡುವೆ ಒಂದು ಕಿವಿ, ಅರ್ಧ ಗಲ್ಲ ಕಂಡಿತು; ಅಷ್ಟೇ. ಅದಕ್ಕೂ ಮಹಾರುದ್ರಪ್ಪ ಬೇಸರಿಸಲಿಲ್ಲ. ನಲವತ್ತೊಂದನೆಯ ದಿನ ಬಾಡಿಗೆಯ ಜೀಪು ಮಾಡಿ, ಅದರಲ್ಲಿ ಗಾದಿ ಹಾಸಿ, ಅತ್ತೆಯ ಮನೆಯ ಮುಂದೆ ನಿಲ್ಲಿಸಿ, ನೆಟ್ಟಗೆ ಕೂಸಿನ ಕೋಣೆಗೆ ಹೊರಟ.

"ಅಲ್ಲೇ ನಿಂದರ್ರಿ," ಎಂದಿತು ಬಾಗಿಲು. "ಕೈಕಾಲ ತೊಳ್ಕೊಂಡು ಅಂಗಿ ಬದಲಿ ಮಾಡ್ರಿ. ಹಾದಿ ಧೂಳ ತಗೊಂಡ ಕೂಸಿನ ಹತ್ರ ಹೋಗಬಾರ್ದು. ಉರ್ದು ಬುಕ್ಕು, ಹನ್ನೆರಡನೇ ಪಾನು."

ಮಹಾರುದ್ರಪ್ಪ ಹೊಸ್ತಿಲಲ್ಲೇ ನಿಂತ. "ಉರ್ದು ನಿಮಗ ಹ್ಯಾಂಗ ಗೊತ್ರಿ?"

"ಬಾಜೂ ಮನಿ ಫಕ್ರುನ್ನೀಸಾ ದಿನಾ ಬಂದು ಓದಿ ಹೇಳ್ಯಾಳ, ಪೂರಾ. ಕನ್ನಡದ್ದು ಲಲಿತಾ ಓದ್ಯಾಳ."

"ಮತ್ತ ಮರಾಠಿದು?"

"ನಾನೇ ಓದೀನ್ರಿ. ನನ್ನ ತವರು ಉದಗೀರ, ಮರಾಠಿ ಸೀಮಿ. ನಾಕನೇ ಇಯತ್ತಾ ತನಕ ಸಾಲಿಗಿ ಹೋಗೀನಿ."

ಮಹಾರುದ್ರಪ್ಪ ಕೈಕಾಲು ತೊಳೆದ. ಮಾವನ ಅಂಗಿ ತೊಟ್ಟು ಬಂದು ಕೂತು, ಮೆಲ್ಲನೆ ಉರ್ದು ಪುಸ್ತಕದ ಹವಾ ಬದಲಿಯ ಮಾತು ತೆಗೆದ.

"ಅದದ," ಎಂದರು ಅತ್ತೆ. "ಅದರ ಮುಂದಿನ ಪಾನದಾಗ, ಕುತಗಿ ನಿಲ್ಲೂ ತನಕ ಕುಲುಕೂ ಗಾಡ್ಯಾಗ ಕೂಸಿನ ಒಯ್ಯಬ್ಯಾಡ್ರಿ ಅಂತನೂ ಅದ. ಪಾನ ಮಡಚೀರಲ್ಲ, ಹಿಂದಿನ ಅಕ್ಷರ ಮುಚ್ಚ್ಯಾವ ಕಾಣ್ತದ."

"ಕನ್ನಡದಾಗ ಇನ್ನೊಂದ ಅದ್ರಿ," ಎಂದಳು ಲಲಿತಾಬಾಯಿ, ಕೂಸಿಗೆ ಟೊಪ್ಪಿಗೆ ಸರಿಮಾಡುತ್ತ. "ಕೂಸು ಇರೂ ಮನ್ಯಾಗ ಹೊಗಿ, ಖಾರದ ಘಾಟು ಇರಬಾರ್ದಂತ."

"ನಮ್ಮ ಮನ್ಯಾಗ ಎಲ್ಲಿ ಘಾಟದ?"

ಅವನು ಸುಳ್ಳು ಹೇಳಲಿಲ್ಲ. ಹದಿನೈದು ವರ್ಷ ಗೋದಾಮಿನ ಮೇಲೆ ಮಲಗಿದ ಮೂಗು ಅದು. ಸಿಟ್ಟಿನಿಂದಲೇ ಕೈ ಚಾಚಿ ಮಗಳನ್ನು ಇಸಿದುಕೊಂಡ. ಕೂಸು ಕಣ್ಣು ಪಿಳುಕಿಸಿ ಅವನನ್ನೇ ನೋಡಿತು. ಮಹಾರುದ್ರಪ್ಪನ ಸಿಟ್ಟು ಎಲ್ಲಿ ಹೋಯಿತೋ, ಬಗ್ಗಿ ಅದರ ಗಲ್ಲಕ್ಕೆ ಮೀಸೆ ತಾಗಿಸಿದ. ಕೂಸು ಮೂಗು ಕಿರಿದು ಮಾಡಿ ಸೀನಿತು. ಮತ್ತೆ ಸೀನಿತು. ಮೂರನೆಯ ಸೀನಿಗೆ ಟೊಪ್ಪಿಗೆ ಜಾರಿ ಬಿತ್ತು. (ಅಂಗಿ ಬದಲಿಸಿದ್ದ, ಮೀಸೆ ಹಳೆಯದೇ ಇತ್ತು.)

ಬಾಗಿಲ ಹಿಂದೆ ಒಂದು ಹಾಳೆ ತಿರುವಿದ ಸದ್ದು ಕೇಳಿಸಿತು.

"ಗೋದಾಮು ಬ್ಯಾರೆ ಕಡಿ ಆಗೂ ತನಕ ಕಳಸ್ಲಿಕ್ಕ ಬರಂಗಿಲ್ರಿ ಅಳಿಯಂದ್ರ. ಬುಕ್ಕಿನ ಮಾತು."

ಗೋದಾಮಿನಲ್ಲಿ ಹೊಸ ಸುಗ್ಗಿಯ ಮಾಲು ಮಾಳಿಗೆಗೆ ಮುಟ್ಟಿತ್ತು. ಬೇರೆ ಜಾಗ ಹುಡುಕಿ, ಅಷ್ಟೂ ಚೀಲ ಸಾಗಿಸಿ, ಗೋಡೆಗೆ ಸುಣ್ಣ ಹೊಡೆಸಿ ಘಾಟು ಹೋಗಬೇಕೆಂದರೆ ದೀಪಾವಳಿ ದಾಟುತ್ತದೆ; ಅತ್ತೆಯ ಐದು ತಿಂಗಳೇ ಅದಕ್ಕಿಂತ ಕಡಿಮೆ. ಮಹಾರುದ್ರಪ್ಪ ಜೀವನದಲ್ಲಿ ಮೊದಲ ಸಲ ತನ್ನ ಗರಜನ್ನು ಬಯಲಿಗಿಟ್ಟ.

"ಬುಕ್ಕ ಬರದವ್ರಿಗಿ ಏನ ಗೊತ್ತದ ಅತ್ತಿಯವರ? ಹಿರ್ಯಾರ ಪದ್ಧತಿ ಅಂತ ಒಂದ ಅದಲ್ರಿ. ನಡಸ್ಕೊಂಡ ಬಂದೀವಿ. ಐದು ತಿಂಗಳಿಗಿ ಕಳಸ್ರಿ, ಸಾಕು."

"ಪದ್ಧತಿ?" ಎಂದರು ಕಸ್ತೂರಿಬಾಯಿ, ಬಹಳ ವಿನಯದಿಂದ. "ಅದು ಓದು ಬರದವರ ಮಾತಲ್ರಿ?"

ಹೊರಗೆ ಜೀಪಿನವನು ಹಾರ್ನ್ ಹೊಡೆದ. ಮಹಾರುದ್ರಪ್ಪ ಮಗಳನ್ನು ಹೆಂಡತಿಯ ಕೈಗಿಟ್ಟು ಎದ್ದ.

"ಹಂಗಾದ್ರ ನನ್ನ ಬುಕ್ಕರೇ ವಾಪಸ್ ಕೊಡ್ರಿ."

ಲಲಿತಾಬಾಯಿ ಕೂಸಿನ ಮೂಗು ಒರೆಸಿ, ನಗು ಸೆರಗಿನಲ್ಲಿ ಅಡಗಿಸಿದಳು.

"ಅವು ಇಲ್ಲೇ ಇರ್ಲಿ ತಗೋರಿ. ಹಲ್ಲು ಬರೂ ಪಾಠ ಇನ್ನೊಮ್ಮಿ ಓದೂದದ."