ಮ್ಯೂಸಿಯಮ್ಮಿನ ಪಜೇಶನ್ ಯಾವಾಗ?

ನಗು ಬರುವ ಸಂಗತಿಗಳು ನನಗೆ ಬೇಸರದ ದಿನಗಳಲ್ಲೇ ಎದುರಾಗುತ್ತವೆ. ಈಚೆಗೆ ಬೇಸರಕ್ಕಂತೂ ಕೊರತೆಯಿಲ್ಲ.

ನವಿ ಮುಂಬಯಿಯ ಒಂದು ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಮ್ಮಿನಲ್ಲಿ, ಬಂದವರಿಗೆ ಚಿತ್ರಗಳ ಬಗ್ಗೆ ಹೇಳುವುದು ನನ್ನ ಕೆಲಸ. ಛಾವಣಿ ಸೋರಿದ್ದರಿಂದ ಮ್ಯೂಸಿಯಂ ಸದ್ಯಕ್ಕೆ ಮುಚ್ಚಿದೆ. ಚಿತ್ರಗಳೆಲ್ಲ ಬಟ್ಟೆ ಸುತ್ತಿಕೊಂಡು ಗೋದಾಮಿನಲ್ಲಿವೆ. ಈ ನಡುವೆ ಪರೀಕ್ಷಾ ವಿಭಾಗದವರ ಕಣ್ಣು ಮ್ಯೂಸಿಯಮ್ಮಿನ ಖಾಲಿ ಹಾಲ್ ಮೇಲೆ ಬಿತ್ತು. ಬೆಳಗಾವಿ ಕಡೆಯ ನಮ್ಮ ರಿಜಿಸ್ಟ್ರಾರ್ ಸಾಹೇಬರು ಕರೆದು ಹೇಳಿದರು: “ಇದು ಬೇಕು ಅನ್ನೋ ಮಂದಿ ಅದಾರಂತ ತೋರಸ್ರಿ. ಇಲ್ಲಾಂದ್ರ ಹಾಲ್ ಅವರಿಗೆ ಕೊಟ್ಟಬಿಡೂದ.”

ಅಂಥ ಮಂದಿಯನ್ನು ಹುಡುಕಿಕೊಂಡು ನಾನು ಹೊರಟೆ.

ಎದುರು ಕೋಣೆಯವರು

ಮೊದಲು ಸಿಕ್ಕವರು ನಮ್ಮ ಎದುರಿಗೇ ಕೋಣೆಯಿರುವ ಪ್ರಾಧ್ಯಾಪಕರು. ಬೀಗ ನೋಡಿ ನಿಟ್ಟುಸಿರು ಬಿಟ್ಟರು. “ಛೇ, ಎಷ್ಟು ಚೆನ್ನಾಗಿತ್ತು! ದಿನಾ ಮಧ್ಯಾಹ್ನ ಬಂದು ಕೂರ್ತಿದ್ದೆ.”

ನಾನು ಆಸೆಯಿಂದ ಪೆನ್ನು ತೆಗೆದೆ. “ನಿಮಗೆ ಯಾವ ಚಿತ್ರ ಇಷ್ಟ ಸರ್?”

“ಚಿತ್ರವಾ?” ಎಂದು ಯೋಚಿಸಿದರು. “ಆ ಎ.ಸಿ. ಕೆಳಗಿನ ಬೆಂಚಿತ್ತಲ್ಲ, ಅದರ ಎದುರಿಗೆ ಯಾವುದಿತ್ತು?”

ಮೇಲಿನವರು ಯಾರು?

ಠಾಣೆ ನಗರದ ಒಂದು ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದೆ. ಕೆರೆಯ ಚಿತ್ರ ಬಂತು, ಕೆಲವರು ವಾಚು ನೋಡಿಕೊಂಡರು. ಸಂತೆಯ ಚಿತ್ರ ಬಂತು, ಒಬ್ಬರು ಆಕಳಿಸಿದರು. ಕೊನೆಗೆ ನಮ್ಮ ಛಾವಣಿಯ ಸೋರಿಕೆಯ ಫೋಟೊ ಹಾಕಿದೆ. ಇಡೀ ಸಭೆ ನೆಟ್ಟಗೆ ಕೂತಿತು.

“ಮೂಲೆಯಿಂದ ಶುರುವಾಗಿದೆ, ಬಾತ್‌ರೂಮಿನದೇ,” ಎಂದರು ಸೆಕ್ರೆಟರಿ. “ಮೇಲಿನವರು ಯಾರು?”

“ಪರೀಕ್ಷಾ ವಿಭಾಗ.”

“ಹಾಲ್ ಕೇಳ್ತಿರೋರು?”

“ಅವರೇ.”

ಸಭೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಚಪ್ಪಾಳೆ ಬಿದ್ದದ್ದು ಆಗ. ಅದೂ ಪರೀಕ್ಷಾ ವಿಭಾಗದವರ ಬುದ್ಧಿಗೆ.

ರೈಲಿನಲ್ಲಿ ವಾಪಸಾಗುವಾಗ ನನಗೆ ಅಳು ಬಂದಿತ್ತು. ಕೆರೆಯ ಚಿತ್ರಕ್ಕೆ ಒಂದು ಪ್ರಶ್ನೆಯಾದರೂ ಬರಬಾರದಿತ್ತೇ?

ಗಂಟುಗಳ ಪ್ರದರ್ಶನ

ಕಲ್ಯಾಣದ ಕನ್ನಡ ಸಂಘದ ಹಿರಿಯರಿಗೆ ವಿಡಿಯೊ ಕಾಲಿನಲ್ಲಿ ಗೋದಾಮು ತೋರಿಸಿದೆ. ಬಟ್ಟೆ ಬಿಚ್ಚಲು ಅಪ್ಪಣೆಯಿರಲಿಲ್ಲ. ಹಾಗಾಗಿ ಒಂದೊಂದೇ ಗಂಟಿನ ಎದುರು ಫೋನ್ ಹಿಡಿದು, “ಇದರೊಳಗೆ ಕೆರೆ, ತುಂಬಾ ಸುಂದರವಾದ ನೀಲಿ. ಇದರೊಳಗೆ ಸಂತೆ,” ಎಂದು ವರ್ಣಿಸುತ್ತಾ ಹೋದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಮುಗಿದ ಮೇಲೆ ಮೈಸೂರಿನ ಹಿರಿಯರೊಬ್ಬರು ಕೆಮ್ಮಿ, “ಹುಡುಗಿಯ ಗುಣ ಎಲ್ಲಾ ಕೇಳಿದ್ವಮ್ಮ, ಸಂತೋಷ,” ಎಂದರು. “ಮುಖ ಯಾವತ್ತು ತೋರಿಸ್ತೀರಿ?”

ಅದು ನನಗೇ ಗೊತ್ತಿದ್ದರೆ!

ಗಲ್ಲೆಯ ಮೇಲಿನ ಅಜ್ಜಿ

ಸೋತು ಸುಣ್ಣವಾಗಿ ಡೊಂಬಿವಲಿಯಲ್ಲಿ ನಮ್ಮ ಉಡುಪಿ ಕಡೆಯವರ ಹೋಟೆಲಿಗೆ ಹೋದೆ. ನಮ್ಮಲ್ಲಿ ಒಬ್ಬ ಮುದುಕಿಯ ಚಿತ್ರವಿದೆ. ಬರೆದವರು ಯಾರು, ಅವಳು ಯಾರು, ಯಾರಿಗೂ ಗೊತ್ತಿಲ್ಲ. ಅದರ ಒಂದು ಪ್ರತಿಗೆ ಫ್ರೇಮ್ ಹಾಕಿಸಿ, “ಮ್ಯೂಸಿಯಂ ತೆರೆಯುವ ತನಕ ಇಲ್ಲಿರಲಿ” ಎಂದು ಕೊಟ್ಟೆ. ಮಾಲಕರು ಅದನ್ನು ತಾವು ಕೂತು ಬಿಲ್ ಹಣ ಪಡೆಯುವ ಗಲ್ಲೆಯ ಮೇಲೆ, ದೇವರ ಪಟಗಳ ಪಕ್ಕ ತೂಗುಹಾಕಿದರು. ಬೆಳಿಗ್ಗೆ ದೇವರಿಗೆ ಹೂ ಹಾಕುವ ಮಾಣಿ ಅವಳಿಗೂ ಒಂದು ಹಾರ ಹಾಕಿದ.

ಅಷ್ಟೇ ಸಾಕಾಯಿತು. ಬಿಲ್ ಕೊಡಲು ಬಂದವರೆಲ್ಲ ಮಾಲಕರ ಕೈ ಹಿಡಿದು ಸಂತಾಪ ಹೇಳತೊಡಗಿದರು. “ವಯಸ್ಸಾಗಿತ್ತಾ? ಕೊನೆಗೆ ಕಷ್ಟಪಟ್ಟರಾ?” ಸುದ್ದಿ ಮಾಲಕರ ತಾಯಿಗೂ ಮುಟ್ಟಿತು. ನಾನು ಅಲ್ಲಿರುವಾಗಲೇ ಅವರು ಕೋಲೂರಿಕೊಂಡು ಬಂದೇಬಿಟ್ಟರು.

“ನಾನು ಬದುಕಿರುವಾಗ ನನ್ನ ಜಾಗದಲ್ಲಿ ಇದು ಯಾರು ಮಾರಾಯ?”

ನಾನು ಗಡಿಬಿಡಿಯಲ್ಲಿ ಎಲ್ಲ ಹೇಳಿದೆ. ಇವಳ ಕಟ್ಟಡ ರಿಪೇರಿಗೆ ಮುಚ್ಚಿದೆ, ಜಾಗವನ್ನು ಬೇರೆಯವರು ಕೇಳುತ್ತಿದ್ದಾರೆ, ಯಾವಾಗ ತೆರೆಯುತ್ತಾರೋ ಗೊತ್ತಿಲ್ಲ. ಆ ಅಜ್ಜಿಯ ಮುಖವೇ ಬದಲಾಯಿತು. ಅವರ ಹಳೇ ಬಿಲ್ಡಿಂಗನ್ನೂ ಒಬ್ಬ ಬಿಲ್ಡರ್ ರಿಡೆವಲಪ್‌ಮೆಂಟಿಗೆ, ಕೆಡವಿ ಹೊಸದು ಕಟ್ಟಲೆಂದು, ಖಾಲಿ ಮಾಡಿಸಿದ್ದ. ಹೊಸ ಫ್ಲ್ಯಾಟಿನ ಪಜೇಶನ್, ಅಂದರೆ ಬೀಗದ ಕೈ, ಇನ್ನೂ ಸಿಗದೆ ಅವರು ಬಾಡಿಗೆ ಮನೆಯಲ್ಲಿದ್ದರು.

“ಪಾಪ, ಇವಳದ್ದೂ ನನ್ನ ಹಾಗೇ ಆಯಿತಾ!” ಎಂದು ಚಿತ್ರವನ್ನು ಬಹಳ ಹೊತ್ತು ನೋಡಿದರು. “ಹಾರ ಇರಲಿ. ನಮಗೆ ಬದುಕಿರುವಾಗ ಯಾರು ಹಾಕ್ತಾರೆ?” ಅಂದಿನಿಂದ ಅವರ ಸಂಜೆಯ ಕಾಫಿ ಚಿತ್ರದವಳ ಕೆಳಗಿನ ಬೆಂಚಿನಲ್ಲೇ. ಬಂದವರಿಗೆಲ್ಲ ಅವಳ ಕಥೆ ಹೇಳುತ್ತಿದ್ದರು.

ಹಾಲ್ ಯಾರಿಗೆಂದು ತೀರ್ಮಾನವಾಗುವ ವಾರ, ಒಂದು ಸಂಜೆ ರಿಜಿಸ್ಟ್ರಾರ್ ಸಾಹೇಬರನ್ನು ಬೇಡಿಕೊಂಡು ಅಲ್ಲಿಗೆ ಕರೆದೊಯ್ದೆ. ಅವರು ನಮ್ಮ ಮ್ಯೂಸಿಯಮ್ಮಿನೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಹಾರ ಕಂಡದ್ದೇ ಚಪ್ಪಲಿ ಕಳಚಿ ಕೈ ಮುಗಿದರು. “ಇವ್ರು ಯಾವಾಗ ತೀರಿಕೊಂಡ್ರರೀ?”

“ತೀರಿಕೊಂಡಿಲ್ಲ!” ಬೆಂಚಿನಿಂದ ಅಜ್ಜಿ ಗುಡುಗಿದರು. “ಬಿಲ್ಡಿಂಗ್ ರಿಪೇರಿಗೆ ಅಂತ ಹೊರಗೆ ಹಾಕಿದ್ದಾರೆ. ಈಗ ಜಾಗವನ್ನು ಬೇರೆಯವರಿಗೆ ಕೊಡ್ತಾರಂತೆ. ಆ ಬಿಲ್ಡರ್ ಯಾರೂಂತ ನನಗೆ ಒಮ್ಮೆ ನೋಡಬೇಕು.”

ನನ್ನ ನೌಕರಿ ಹೋದರೆ ಹೋಗಲಿ ಅನ್ನಿಸಿತು. “ಕರ್ಕೊಂಡೇ ಬಂದಿದ್ದೇನೆ ಅಜ್ಜಿ,” ಎಂದೆ.

ಸಾಹೇಬರ ಕೈ ಮುಗಿದದ್ದು ಮುಗಿದ ಹಾಗೇ ಇತ್ತು. ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು.

“ಕೂತ್ಕೊಳ್ಳಿ. ಕಾಫಿ ಕುಡೀರಿ. ಆಮೇಲೆ ಇವಳ ಎದುರಿಗೇ ಹೇಳಿ, ಪಜೇಶನ್ ಯಾವಾಗ?”