ಕೆಂಪು ಗುಂಡಿಯ ಸ್ವರ

ಮುಂದಿನ ಕೋಣೆಯ ಗೋಡೆಗೆ ನೇತುಹಾಕಿದ್ದ ಗುಂಡಿಗಳ ಬಟ್ಟೆಯನ್ನು ಯಜಮಾನರು ಹೆಂಡತಿಯ ಹೊಲಿಗೆ ಸಾಮಾನೆಂದೇ ತಿಳಿದಿದ್ದರು. ಗೆರೆ ಎಳೆದ ಬಿಳಿ ಬಟ್ಟೆ. ಅದರ ಮೇಲೆ ಒಂದು ಮೇಲೆ, ಒಂದು ಕೆಳಗೆ ಎಂದು ಹೊಲಿದ ಬಣ್ಣಬಣ್ಣದ ದೊಡ್ಡ ಗುಂಡಿಗಳು. ಕಳೆದುಹೋಗದಿರಲೆಂದು ಹೀಗೆ ಹೊಲಿದಿಟ್ಟಿದ್ದಾಳೆ, ಜಾಣೆ, ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದರು ಕೂಡ. ಆದ್ದರಿಂದ ಭಾನುವಾರ ಸಂಜೆ ತಮ್ಮ ಒಳ್ಳೆಯ ಅಂಗಿಯ, ಸರಿಯಾಗಿ ಹೊಟ್ಟೆಯ ಮೇಲಿನ ಗುಂಡಿ ಕಿತ್ತು ಹಾರಿದಾಗ, ಯಾರನ್ನೂ ಕೇಳದೆ ಆ ಬಟ್ಟೆಯಿಂದ ಒಂದು ಕೆಂಪು ಗುಂಡಿ ಕತ್ತರಿಸಿ, ತಾವೇ ಸೂಜಿಗೆ ದಾರ ಪೋಣಿಸಿ ಹೊಲಿದುಕೊಂಡರು. ಕಾಜಾ ಬಿಗಿಯಾಯಿತು; ತುರುಕಿದರು.

ಮರುದಿನ ಹೆಂಡತಿಯ ಗಂಟಲು ಕೂತಿತು. ಜ್ವರವೂ ಬಂತು. ಡಾಕ್ಟರು ಒಂದು ವಾರ ಮಾತಾಡಕೂಡದು, ಮಕ್ಕಳ ಹತ್ತಿರ ಹೋಗಕೂಡದು ಎಂದರು. ಆಕೆಯ ಕೆಲಸವೇ ಮಾತು ಮತ್ತು ಮಕ್ಕಳು. ಪುಟ್ಟ ಮಕ್ಕಳಿಗೆ ಹಾಡಲು, ಸ್ವರ ಓದಲು ಕಲಿಸುತ್ತಿದ್ದಳು. ಅದೂ ಸಾಲದೆಂಬಂತೆ ಬುಧವಾರವೇ ಪಕ್ಕದ ಬೀದಿಯ ಶಾಲೆಯ ಹೆಡ್‌ಮೇಡಂ ಮಕ್ಕಳ ಹಾಡು ಕೇಳಲು ಬರುವವರಿದ್ದರು. ಅವರು ಒಪ್ಪಿದರೆ ಶಾಲೆಯಲ್ಲಿ ಸಂಗೀತದ ಟೀಚರ್ ಕೆಲಸ. ಆರು ವರ್ಷದಿಂದ ಕಾದಿದ್ದ ಕೆಲಸ.

ಯಜಮಾನರು ಅಚ್ಚುಮನೆಯಲ್ಲಿ ಪ್ರೂಫ್ ತಿದ್ದುವವರು. ಎದೆ ಉಬ್ಬಿಸಿ ಹೇಳಿದರು: “ನಾನಿಲ್ವಾ? ಇಡೀ ಪುಸ್ತಕದಲ್ಲಿ ಒಂದು ಚುಕ್ಕೆ ಬಿಟ್ಟುಹೋದ್ರೂ ಹಿಡಿಯೋನು ನಾನು. ಹತ್ತು ಮಕ್ಕಳ ಬಾಯಿ ತೆಗೆಸೋದೂ ಒಂದು ಕೆಲಸಾನಾ?”

ಹೆಂಡತಿ ಅವರನ್ನು ಒಂದು ಗಳಿಗೆ ನೋಡಿದಳು. ಬೇರೆ ಗತಿಯಿರಲಿಲ್ಲ. ಬುಧವಾರ ಮಕ್ಕಳು ಬರುವ ಹೊತ್ತಿಗೆ ಸ್ಲೇಟಿನ ಮೇಲೆ ಬರೆದು ಕೊಟ್ಟಳು: “ಗೋಡೆ ಮೇಲಿನ ಬಟ್ಟೆಯೇ ಪಾಠ. ಗುಂಡಿ ಮೇಲಿದ್ದರೆ ಸ್ವರ ಮೇಲೆ, ಕೆಳಗಿದ್ದರೆ ಕೆಳಗೆ. ಕೋಲಿನಿಂದ ಒಂದೊಂದೇ ತೋರಿಸಿ. ಮಕ್ಕಳು ಓದಿಕೊಂಡು ಹಾಡುತ್ತವೆ. ನೀವು ಹಾಡಬೇಡಿ.” ಕೊನೆಯ ಮಾತಿನ ಕೆಳಗೆ ಎರಡು ಗೆರೆ.

ಹೆಡ್‌ಮೇಡಂ ಬರುತ್ತಾರೆಂದು ಅದೇ ಒಳ್ಳೆಯ ಅಂಗಿ ತೊಟ್ಟಿದ್ದ ಯಜಮಾನರ ಕೈ ತಾನಾಗಿಯೇ ಹೊಟ್ಟೆಯ ಮೇಲಿನ ಗುಂಡಿಗೆ ಹೋಯಿತು. ಹೇಳಿಬಿಡಬೇಕಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಮಕ್ಕಳ ಚಪ್ಪಲಿ ಸದ್ದು, ಅದರ ಹಿಂದೆಯೇ ಹೆಡ್‌ಮೇಡಂ. ಇಷ್ಟೊಂದು ಗುಂಡಿಗಳಲ್ಲಿ ಒಂದಿಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಧೈರ್ಯ ತಂದುಕೊಂಡು, ಒಳಕೋಣೆಯ ಬಾಗಿಲೆಳೆದು ಕೋಲು ಹಿಡಿದು ನಿಂತರು.

ಹತ್ತು ಮಕ್ಕಳಿಗೂ ಗೊತ್ತಾಯಿತು. ಹಾಡು ಚೆನ್ನಾಗಿಯೇ ಹತ್ತಿತು, ಇಳಿಯಿತು. ದಾರದ ತುಂಡು ನೇತಾಡುತ್ತಿದ್ದ ಜಾಗ ಬಂದಾಗ ಹತ್ತೂ ಬಾಯಿ ಒಟ್ಟಿಗೆ ಮುಚ್ಚಿದವು. ಸರಿಯಾಗಿ ಒಂದು ಗುಂಡಿಯಷ್ಟು ಹೊತ್ತು. ಆಮೇಲೆ ಹಾಡು ಮುಂದುವರಿಯಿತು.

ಹೆಡ್‌ಮೇಡಂ ಹುಬ್ಬೇರಿಸಿದರು. ಯಜಮಾನರು ನಾಲಿಗೆಗೆ ನಾಚಿಕೆಯಿಲ್ಲದೆ, ಪಾಪ ಚಿಕ್ಕವು, ಮರೆತಿರಬೇಕು ಎಂದುಬಿಟ್ಟರು. ಮುಂದಿನ ಹಲ್ಲು ಬಿದ್ದಿದ್ದ ಹುಡುಗಿಯೊಬ್ಬಳು ಅವರನ್ನೇ ದಿಟ್ಟಿಸಿದಳು. ಆ ನೋಟಕ್ಕೆ ಬೆವರಿ, ಖಾಲಿ ಜಾಗ ಮಾತ್ರ ಮರೆಯಾಗುವಂತೆ ಹೊಟ್ಟೆ ಅಡ್ಡವಿಟ್ಟು ನಿಂತು, ಇನ್ನೊಮ್ಮೆ ಎಂದರು.

ಈ ಸಲ ಮಕ್ಕಳು ನಿಲ್ಲಲಿಲ್ಲ. ಆ ಜಾಗ ಬಂದಾಗ ಕಣ್ಣಿಗೆ ಕಂಡ ಕೆಂಪು ಗುಂಡಿಯನ್ನು ನೋಡಿ ಹಾಡಿದವು. ಯಜಮಾನರು ಬೆಚ್ಚಿ ತುದಿಗಾಲಲ್ಲಿ ನಿಂತರು. ಸ್ವರ ಸೂರಿಗೆ ಹೋಯಿತು. ಏನಿದು ಎಂದು ಗದರಿಸಲು ಬಗ್ಗಿದರು. ಸ್ವರ ನೆಲ ಕಚ್ಚಿತು. ಒಳಕೋಣೆಯಲ್ಲಿ ಸ್ಲೇಟು ಬಿದ್ದ ಸದ್ದಾಯಿತು.

ಹೆಡ್‌ಮೇಡಂ ಆ ಹುಡುಗಿಯನ್ನು ಕರೆದು ಕೇಳಿದರು: “ಯಾಕಮ್ಮ, ಅಲ್ಲಿ ಬಂದಾಗ ಮಾತ್ರ ಹಿಂಗಾಗುತ್ತೆ?”

“ಆ ಗುಂಡಿ ಅಂಕಲ್ ಹೊಟ್ಟೆ ಮೇಲಿದೆ ಮಿಸ್. ಅಂಕಲ್ ಸುಮ್ನೆ ನಿಲ್ತಾನೇ ಇಲ್ಲ.”

ಯಜಮಾನರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಂಡತಿಯ ಆರು ವರ್ಷವನ್ನು ನನ್ನ ಅಂಗಿಗೆ ಹೊಲಿದುಕೊಂಡಿದ್ದೇನೆ ಎಂಬುದು ಆಗ ಹೊಳೆಯಿತು. ಮಕ್ಕಳ ಮೇಲೆ ಹೊರಿಸಿದ ತಪ್ಪು ತಮ್ಮದೆಂದು ತಡವರಿಸುತ್ತಾ ಒಪ್ಪಿಕೊಂಡರು.

ಹೆಡ್‌ಮೇಡಂ ನಗಲಿಲ್ಲ. ಸ್ಟೂಲು ತರಿಸಿ ಯಜಮಾನರನ್ನು ಅದರ ಮೇಲೆ ಹತ್ತಿಸಿದರು. ಮಕ್ಕಳು ಹಾಡಿದವು. ಇಳಿಸಿ, ಅರ್ಧ ಬಗ್ಗಿಸಿ, ಕುಕ್ಕರುಗಾಲಲ್ಲಿ ಕೂರಿಸಿದರು. ಮಕ್ಕಳ ಸ್ವರ ಗುಂಡಿಯ ಹಿಂದೆಯೇ ಇಳಿಯಿತು, ಒಂದು ಕೂದಲೆಳೆ ತಪ್ಪಲಿಲ್ಲ. ಕಾಲು ಗಂಟೆ ಹೀಗೆ ಐವತ್ತೆರಡರ ಮನುಷ್ಯ ಎದ್ದು ಕೂತು ಎದ್ದು ಕೂತು ಮಾಡಿದ ಮೇಲೆ ಹೆಡ್‌ಮೇಡಂ ಒಳಕೋಣೆಯ ಬಾಗಿಲ ಹತ್ತಿರ ಹೋಗಿ ಹೇಳಿದರು: “ಬಾಯಿಪಾಠ ಮಾಡಿಸೋ ಟೀಚರು ಬೇಕಾದಷ್ಟು ಜನ ಇದಾರೆ. ನಿಮ್ಮ ಮಕ್ಕಳು ಸ್ವರ ಓದ್ತಾರೆ ಕಣಮ್ಮ. ಗಂಟಲು ಸರಿಹೋದ ತಕ್ಷಣ ಕೆಲಸಕ್ಕೆ ಬನ್ನಿ.”

ಎಲ್ಲರೂ ಹೋದ ಮೇಲೆ ಯಜಮಾನರು ಮಂಡಿ ನೀವಿಕೊಳ್ಳುತ್ತಾ ಹೆಂಡತಿಯ ಮಂಚದ ಹತ್ತಿರ ನಿಂತರು. ತಪ್ಪಾಯಿತು ಎಂದರು. ಆಕೆಯ ಮುಖ ಸ್ವಲ್ಪ ಸಡಿಲವಾಗಿದ್ದು ಕಂಡು ಹಳೆಯ ಚಾಳಿ ತಲೆಯೆತ್ತಿತು.

“ಆದ್ರೂ ನೋಡು, ನಾನೇ ಸ್ವರ ಆಗಿ ನಿಂತೆ ಅಲ್ವಾ?”

ಹೆಂಡತಿ ಸ್ಲೇಟು ಪಕ್ಕಕ್ಕಿಟ್ಟಳು. ಡಾಕ್ಟರು ಬೇಡವೆಂದಿದ್ದರೂ, ಮೂರು ದಿನ ಕೂಡಿಟ್ಟ ದನಿಯನ್ನು ಇದಕ್ಕೆಂದೇ ಖರ್ಚು ಮಾಡಿದಳು.

“ಸ್ವರ ಆಗಿದ್ದು ಗುಂಡಿ ಕಣ್ರೀ. ನೀವು ಬರೀ ಹೊಟ್ಟೆ.”